ಕೊನೆಯ ಹುಡುಗ ಕೂರುವ ತನಕ

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ದುಡಿದದ್ದು ಹುಡುಗರ ಹಾಸ್ಟೆಲಿನ ಅಡುಗೆಮನೆಯಲ್ಲಿ. ಜಗಳೂರಿನಲ್ಲಿ ಹಿಡಿದ ಸೌಟನ್ನು ಚನ್ನಗಿರಿ, ನ್ಯಾಮತಿ ಸುತ್ತಿಸಿ ಹೊನ್ನಾಳಿಯಲ್ಲಿ ಕೆಳಗಿಟ್ಟೆ. ಈಗ ಬಸವಾಪಟ್ಟಣದಲ್ಲಿ ಮಗಳ ಮನೆಯಲ್ಲಿದ್ದೇನೆ.

ಮೊನ್ನೆ ಹಾಸ್ಟೆಲ್ ಅಡುಗೆ ಕೆಲಸಕ್ಕೆ ಹೊಸದಾಗಿ ಸೇರಿದ ಯುವಕನೊಬ್ಬ ನನ್ನನ್ನು ಹುಡುಕಿಕೊಂಡು ಬಂದಿದ್ದ. ಇಷ್ಟು ಹುಡುಗರಿಗೆ ಎಷ್ಟು ಅಕ್ಕಿ, ಎಷ್ಟು ಬೇಳೆ ಎಂದು ಕೇಳಿದ. ಹೇಳಿಕೊಟ್ಟೆ. ಹೊರಡುವಾಗ ಚಪ್ಪಲಿ ಮೆಟ್ಟುತ್ತ ಇನ್ನೊಂದು ಮಾತು ಕೇಳಿದ.

"ಹುಡುಗ್ರು ಮೊಬೈಲ್ ನೋಡ್ಕಂತ ಉಂಡ್ರೆ ಉಣ್ಲಿ ಬಿಡು, ಗಲಾಟೆ ಇರಲ್ಲ, ನಿನಗೇ ಆರಾಮು ಅಂತ ಎಲ್ಲರೂ ಹೇಳ್ತಾರೆ. ಹೌದೇನಜ್ಜ?"

ನಾನು ಉತ್ತರ ಹೇಳದೆ ಅವನನ್ನು ಬಸ್ಸಿಗೆ ಕಳಿಸಿಬಿಟ್ಟೆ. ಉತ್ತರ ಗೊತ್ತಿತ್ತು. ಆದರೆ ಅದನ್ನು ಹೇಳಬೇಕಾದರೆ ನಾನು ಮಾಡಿದ್ದನ್ನೂ ಹೇಳಬೇಕಿತ್ತು. ಎದುರಿಗೆ ಬಾಯಿ ಬರಲಿಲ್ಲ. ಆದ್ದರಿಂದ ಕೂತು ಬರೆಯುತ್ತಿದ್ದೇನೆ. ಬರೆದು ಮುಗಿಸದೆ ಏಳುವುದಿಲ್ಲ.

ಜಗಳೂರಿನಲ್ಲಿ ನಾನು ಸೇರಿದಾಗ ಸೌದೆ ಒಲೆ. ಹೊಗೆಗೆ ಕಣ್ಣು ಸದಾ ಕೆಂಪಗಿರುತ್ತಿದ್ದವು. ನನಗೆ ಕೆಲಸ ಕಲಿಸಿದವರು ಬಸಣ್ಣ ಎಂಬ ಹಿರಿಯ ಅಡುಗೆಯವರು. ಮೊದಲ ವಾರ ನಾನು ತಿರುವಿದ ಮುದ್ದೆಯಲ್ಲಿ ಹಸಿ ಹಿಟ್ಟಿನ ಗಂಟು ಉಳಿದುಬಿಟ್ಟಿತು. ಹುಡುಗರು ಗಂಟುಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿ, "ಹಾಲೇಶಣ್ಣ, ಗೋಲಿ ಆಡಾಕೆ ಬರ್ತೀರೇನು?" ಎಂದು ಕೂಗಿದರು. ಬಸಣ್ಣ ನನ್ನನ್ನು ಬೈಯಲಿಲ್ಲ. ಆದರೆ ಇನ್ನೊಂದು ವಿಷಯಕ್ಕೆ ಬೈದರು. ಎಲ್ಲ ಹುಡುಗರೂ ಕೂರುವ ಮೊದಲೇ ನಾನು ಬಡಿಸಲು ಸೌಟು ಎತ್ತಿದ್ದೆ.

"ಕೊನೇ ಹುಡುಗ ಕೂರೋ ತನಕ ಸೌಟು ಎತ್ತಂಗಿಲ್ಲ. ತಿಳೀತಾ? ಬಾಗಿಲು ನೋಡು ಮೊದ್ಲು."

ಅದು ಅಲ್ಲಿನ ಪದ್ಧತಿ. ಹುಡುಗರು ನೆಲದ ಮೇಲೆ ಎದುರುಬದುರು ಎರಡು ಸಾಲು ಕೂರುತ್ತಿದ್ದರು. ಒಬ್ಬ ಬರದಿದ್ದರೂ ಉಳಿದವರು ತಟ್ಟೆ ಬಡಿಯುತ್ತ, ಅವನ ಹೆಸರು ಹಿಡಿದು ಕಿಟಕಿಯಿಂದ ಕೂಗುತ್ತಿದ್ದರು. ಹಸಿದ ಹೊಟ್ಟೆಯ ಕೂಗು ಅದು, ಬೀದಿಯವರೆಗೂ ಕೇಳುತ್ತಿತ್ತು. ಒಮ್ಮೆ ಹನುಮಂತ ಎಂಬ ಹುಡುಗ ಎಷ್ಟು ಕೂಗಿದರೂ ಬರಲಿಲ್ಲ. ಎಲ್ಲರೂ ಎದ್ದು ಹುಡುಕಲು ಹೋದರು. ಅವನು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಚೀಲ ತಬ್ಬಿಕೊಂಡು ಕೂತಿದ್ದ. ಪರೀಕ್ಷೆಯಲ್ಲಿ ಫೇಲಾಗಿದ್ದಕ್ಕೆ ಹೆದರಿ, ಯಾವ ಊರಿಗಾದರೂ ಸರಿ ಎಂದು ಹೊರಟಿದ್ದನಂತೆ. ಹುಡುಗರು ತಲೆಗೆರಡು ಬಿಗಿದು ಎಳೆದುಕೊಂಡು ಬಂದರು. ಅವನು ಅಳುತ್ತಲೇ ಎರಡು ಮುದ್ದೆ ಉಂಡ. ಒಂದು ಊಟದ ಪದ್ಧತಿ ಒಬ್ಬ ಹುಡುಗನನ್ನು ಉಳಿಸಿತು ಎಂದು ಆಗ ನನಗೆ ಅನಿಸಲಿಲ್ಲ. ಮುದ್ದೆ ಆರಿಹೋಯಿತಲ್ಲ ಎಂದು ಸಿಟ್ಟು ಬಂದಿತ್ತು.

ಚನ್ನಗಿರಿಗೆ ವರ್ಗವಾಗಿ ಕೆಲವು ವರ್ಷ ಕಳೆಯುವಷ್ಟರಲ್ಲಿ ಗ್ಯಾಸ್ ಒಲೆ ಬಂತು, ಹುಡುಗರ ಜೇಬಿಗೆ ಫೋನ್ ಬಂತು. ಅಲ್ಲಿನ ವಾರ್ಡನ್ ಬೆತ್ತದ ಮನುಷ್ಯ. ಫೋನ್ ಕಂಡರೆ ಕಸಿದು ಕಬ್ಬಿಣದ ಬೀರುವಿನಲ್ಲಿ ಹಾಕಿ ಬೀಗ ಜಡಿಯುತ್ತಿದ್ದರು. ವರ್ಷ ಮುಗಿಯುವ ಹೊತ್ತಿಗೆ ಬೀರು ತುಂಬಿತ್ತು. ಒಂದು ದಿನ ತಪಾಸಣೆಗೆ ಬಂದ ಮೇಲಧಿಕಾರಿಗೆ ಬಹಳ ಹೆಮ್ಮೆಯಿಂದ ಬಾಗಿಲು ತೆಗೆದು ತೋರಿಸಿದರು. ಅಧಿಕಾರಿ ಒಂದನ್ನೆತ್ತಿ ಗುಂಡಿ ಒತ್ತಿದರು, ಹತ್ತಲಿಲ್ಲ. ಮತ್ತೊಂದು, ಅದೂ ಹತ್ತಲಿಲ್ಲ. ಒಂದರೊಳಗೆ ಬ್ಯಾಟರಿಯೇ ಇರಲಿಲ್ಲ. ಸೂಳೆಕೆರೆ ಕಡೆಯ ಹುಡುಗನೊಬ್ಬ ಗುಜರಿಯವನ ಹತ್ತಿರ ಸತ್ತ ಫೋನುಗಳನ್ನು ತಂದು ಗೆಳೆಯರಿಗೆಲ್ಲ ಹಂಚಿದ್ದ. ವಾರ್ಡನ್ನರಿಗೆ ಸತ್ತದ್ದನ್ನು ಒಪ್ಪಿಸಿ ಜೀವಂತದ್ದನ್ನು ಎಲ್ಲರೂ ಹಾಸಿಗೆಯಡಿ ಇಟ್ಟುಕೊಂಡಿದ್ದರು. ನಾನು ಅಡುಗೆಮನೆಯಲ್ಲಿ ಬಾಯಿಗೆ ಟವೆಲ್ ಅಡ್ಡ ಹಿಡಿದು ನಕ್ಕೆ. ಕಸಿದುಕೊಳ್ಳುವುದರಿಂದ ಏನೂ ಆಗದು ಎಂಬ ಪಾಠ ಅಲ್ಲಿಯೇ ಸಿಕ್ಕಿತು. ಆದರೆ ನಾನು ಅದರಿಂದ ಕಲಿತದ್ದು ಸುಮ್ಮನಿದ್ದುಬಿಡುವುದನ್ನು.

ನನ್ನ ತಪ್ಪು ಶುರುವಾದದ್ದು ನ್ಯಾಮತಿಯಲ್ಲಿ.

ಒಂದು ಮಧ್ಯಾಹ್ನ ಸಾರು ತಳ ಹಿಡಿಯಿತು. ಮತ್ತೆ ಮಾಡಲು ಹೊತ್ತಿರಲಿಲ್ಲ. ಜಗಳೂರಿನ ಹುಡುಗರಾಗಿದ್ದರೆ ತಟ್ಟೆ ಎತ್ತಿ ನನ್ನ ಮುಂದೆಯೇ ಇಡುತ್ತಿದ್ದರು. ಹೆದರುತ್ತಲೇ ಬಡಿಸಿದೆ. ಯಾರೂ ತಲೆ ಎತ್ತಲಿಲ್ಲ. ಎಡಗೈಯಲ್ಲಿ ಫೋನ್, ಬಲಗೈಯಲ್ಲಿ ತುತ್ತು. ಸೀದ ಸಾರು ಒಂದು ಹನಿ ಉಳಿಯದೆ ಖಾಲಿಯಾಯಿತು. ನನ್ನ ಸಹಾಯಕಿ ಶಾಂತಕ್ಕ ಬಾಗಿಲಲ್ಲಿ ನಿಂತು ಕೆನ್ನೆಗೆ ಕೈ ಹಚ್ಚಿದಳು.

"ಹಾಲೇಶಣ್ಣ, ಇವ್ರಿಗೆ ಪಾತ್ರೆ ತೊಳೆದ ನೀರು ಬಡಿಸಿದ್ರೂ ಉಣ್ತಾರೆ ಕಣ್ರಿ."

ನಾನು ನಕ್ಕೆ. ಆ ನಗುವಿಗಾಗಿ ಈಗ ನನಗೆ ನಾಚಿಕೆಯಾಗುತ್ತದೆ.

ಅಂದಿನಿಂದ ಮನಸ್ಸು ಹಗುರಾಯಿತು. ರುಚಿ ಕೆಟ್ಟರೂ ಕೇಳುವವರಿಲ್ಲ. ಕೆಲವು ದಿನಗಳಲ್ಲಿ ಹುಡುಗರೇ ಬಂದು, "ಅಜ್ಜ, ಮುದ್ದೆ ಕೈಗೆ ಮೆತ್ತಿಕೊಳ್ತದೆ, ಫೋನ್ ಮುಟ್ಟಾಕೆ ಆಗಲ್ಲ. ಚಮಚ ತರಿಸ್ರಿ" ಎಂದರು. ಚಮಚ ತರಿಸಿದೆ. ಚಮಚದಲ್ಲಿ ಮುದ್ದೆ ಉಣ್ಣಲು ಬರುವುದಿಲ್ಲವಾದ್ದರಿಂದ ಮುದ್ದೆ ನಿಲ್ಲಿಸಿದೆ. ಕೋಲು ಹಿಡಿದು ಹಿಟ್ಟು ತಿರುವುವ ಕಷ್ಟ ತಪ್ಪಿತು, ರಟ್ಟೆನೋವು ಹೋಯಿತು. ಒಂದು ಹೊತ್ತು ಪಲಾವ್, ಒಂದು ಹೊತ್ತು ಚಿತ್ರಾನ್ನ. ಆಮೇಲೆ ಸಾಲಾಗಿ ಕೂರಿಸುವುದೂ ಬೇಡವೆನಿಸಿತು. ಪಾತ್ರೆಗಳನ್ನು ಮೇಜಿನ ಮೇಲಿಟ್ಟು ಮುಚ್ಚಿದರಾಯಿತು. ಬಂದವರು ಬಡಿಸಿಕೊಂಡು ಬೇಕಾದಲ್ಲಿ ಕೂತು ಉಣ್ಣಲಿ. ಬಸಣ್ಣ ಕಲಿಸಿದ್ದನ್ನೆಲ್ಲ ಹೀಗೆ ಒಂದೊಂದಾಗಿ ಬಿಟ್ಟೆ. ಬಿಡುವಾಗ ಪ್ರತಿಯೊಂದಕ್ಕೂ ಒಳ್ಳೆಯ ಕಾರಣವೇ ಇತ್ತು.

ಅಲ್ಲಿನ ವಾರ್ಡನ್ನರಿಗೆ ಬಹಳ ಸಂತೋಷವಾಯಿತು. "ಎಲ್ಲಾ ಹಾಸ್ಟೆಲಿನಾಗೆ ಊಟದ ಹೊತ್ತಿಗೆ ಜಗಳ. ನಮ್ದು ನೋಡ್ರಿ, ಗುಡಿ ಇದ್ದಂಗೈತೆ" ಎನ್ನುತ್ತಿದ್ದರು. ನಾನು ಬೀಗುತ್ತಿದ್ದೆ.

ಇದನ್ನು ಬರೆಯುವಾಗ ಒಂದು ವಿಷಯ ಗಮನಕ್ಕೆ ಬಂತು. ಜಗಳೂರಿನ ಹುಡುಗರ ಹೆಸರು ಈಗಲೂ ನನಗೆ ನೆನಪಿವೆ, ಅವರ ಕೂಗೂ ಕಿವಿಯಲ್ಲಿದೆ. ನ್ಯಾಮತಿಯ ಒಬ್ಬ ಹುಡುಗನ ಹೆಸರೂ ನೆನಪಾಗುತ್ತಿಲ್ಲ. ಅಲ್ಲಿ ಯಾರ ಹೆಸರನ್ನೂ ಕರೆಯುವ ಅಗತ್ಯವೇ ಬೀಳಲಿಲ್ಲ.

ಹೊನ್ನಾಳಿಗೆ ಬಂದಾಗ ಶಾಂತಕ್ಕನಿಗೂ ಅಲ್ಲಿಗೇ ವರ್ಗವಾಯಿತು. ಚಮಚ, ಮೇಜು, ಮುಚ್ಚಿದ ಪಾತ್ರೆ, ಎಲ್ಲವನ್ನೂ ಅಲ್ಲಿಯೂ ಜಾರಿಗೆ ತಂದೆವು. ನನ್ನ ನಿವೃತ್ತಿಯ ಹಿಂದಿನ ವರ್ಷ ಓಬಳೇಶ ಬಂದ. ಜಗಳೂರು ಕಡೆಯ ಹಳ್ಳಿಯವನು, ಮೊದಲ ವರ್ಷದ ಪಿಯುಸಿ. ಅಪ್ಪ ಬೋರ್‌ವೆಲ್ ಲಾರಿಯಲ್ಲಿ ಕೆಲಸಕ್ಕಿದ್ದು ತಿಂಗಳುಗಟ್ಟಲೆ ಹೊರರಾಜ್ಯದಲ್ಲಿರುತ್ತಿದ್ದ. ಅಪ್ಪನ ಮುಖವನ್ನು ವಿಡಿಯೊ ಕಾಲಿನಲ್ಲಾದರೂ ನೋಡಲಿ ಎಂದೇ ಅವ್ವ ಈ ಹುಡುಗನಿಗೆ ಫೋನ್ ಕೊಡಿಸಿದ್ದಳು.

ಬಂದ ಹೊಸದರಲ್ಲಿ ಅವನು ಅಡುಗೆಮನೆ ಬಾಗಿಲಿಗೆ ಬಂದು ನಿಂತ.

"ಅಜ್ಜ, ಮುದ್ದೆ ಮಾಡಲ್ವ?"

"ಈಗ ಯಾರು ಉಣ್ತಾರೋ ಮುದ್ದೆ? ಹೋಗು, ಮೇಜಿನ ಮೇಲೆ ಪಲಾವ್ ಐತೆ."

ಅವನು ಹೋಗಲಿಲ್ಲ. "ನೀವೂ ನಮ್ ಕಡೆ ಇದ್ರಂತೆ" ಎಂದ. ಒಗ್ಗರಣೆ ಸಿಡಿಯುತ್ತಿತ್ತು. ನಾನು ಹ್ಞೂಂಗುಟ್ಟಿದೆ. ತಿರುಗಿ ನೋಡುವಾಗ ಅವನು ಹೋಗಿದ್ದ.

ಆಮೇಲೆ ಅವನು ತಟ್ಟೆಯನ್ನು ರೂಮಿಗೆ ಒಯ್ಯತೊಡಗಿದ. ಆಮೇಲೆ ತಟ್ಟೆಗೂ ಬರಲಿಲ್ಲ. ಕಾಲೇಜಿಗೂ ಸರಿಯಾಗಿ ಹೋಗಲಿಲ್ಲ. ಪಾತ್ರೆಯಲ್ಲಿ ಒಬ್ಬನ ಅನ್ನ ಉಳಿಯುತ್ತಿತ್ತು. ಶಾಂತಕ್ಕ ಅದನ್ನು ನಾಯಿಗೆ ಹಾಕುತ್ತಿದ್ದಳು. ಅದು ಯಾರ ಪಾಲಿನ ಅನ್ನ ಎಂದು ಅವಳೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಒಂದು ಬೆಳಿಗ್ಗೆ ಹುಡುಗ ನಲ್ಲಿಯ ಹತ್ತಿರ ತಲೆಸುತ್ತಿ ಬಿದ್ದ. ಕಲ್ಲಿಗೆ ಬಡಿದು ತುಟಿ ಒಡೆದಿತ್ತು. ಆಸ್ಪತ್ರೆಗೆ ಒಯ್ದೆವು. ರೋಗವೇನೂ ಇರಲಿಲ್ಲ. ಡಾಕ್ಟರು ಔಷಧಿ ಚೀಟಿ ಬರೆಯುವ ಮೊದಲು ನನ್ನ ಮುಖ ನೋಡಿ, "ನೀವು ಹಾಸ್ಟೆಲಿನಲ್ಲಿ ಏನು ಕೆಲಸ ಮಾಡ್ತೀರಿ?" ಎಂದು ಕೇಳಿದರು. "ಅಡುಗೆ" ಎಂದೆ. "ಹುಡುಗ ಊಟ ಮಾಡಿ ಸುಮಾರು ದಿನ ಆದಂಗೈತಲ್ರಿ" ಎಂದರು. ಅಡುಗೆಯವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಹೊನ್ನಾಳಿಯ ವಾರ್ಡನ್ ವಯಸ್ಸಿನಲ್ಲಿ ಚಿಕ್ಕವರು, ಕೆಟ್ಟವರಲ್ಲ. ಆದರೆ ಹೆದರಿದ್ದರು. "ನಾಳೆ ಏನಾದ್ರೂ ಆದ್ರೆ ನನ್ನ ತಲೆಗೆ ಬರ್ತದೆ ಹಾಲೇಶಪ್ಪ. ಅವ್ರ ಅವ್ವನ್ನ ಕರೆಸ್ತೀನಿ. ಹೆಸರು ತೆಗೆದು ಕಳಿಸಿಬಿಡ್ತೀನಿ."

ಹೆಸರು ತೆಗೆದರೆ ಅವನಿಗೆ ಓದು ಮುಗಿದಂತೆ. ಅಪ್ಪನ ಹಿಂದೆ ಬೋರ್‌ವೆಲ್ ಲಾರಿ ಹತ್ತುವುದೊಂದೇ ದಾರಿ.

"ದೀಪಾವಳಿ ರಜೆ ತನಕ ಬಿಡ್ರಿ ಸಾರ್."

"ಬಿಟ್ರೆ ಏನಾಗ್ತದೆ? ಮೊಬೈಲ್ ಹುಚ್ಚು ಅದು. ಅಡುಗೆಯವರು ನೀವೇನು ಮಾಡ್ತೀರಿ ಅದಕ್ಕೆ?"

"ಊಟದ ಮನೆ ಕೆಡಿಸಿದವನು ನಾನೇ ಸಾರ್. ನಾನೇ ಸರಿ ಮಾಡ್ತೀನಿ."

ಅವರಿಗೆ ಅರ್ಥವಾಯಿತೋ ಇಲ್ಲವೋ, ಆಗಲಿ ಎಂದರು.

ಅಂದು ಮಧ್ಯಾಹ್ನ ಓಬಳೇಶನನ್ನು ಅಡುಗೆಮನೆಯ ಮೆಟ್ಟಿಲ ಮೇಲೆ ಕೂರಿಸಿ ಗಂಜಿ ಕೊಟ್ಟೆ. ಒಡೆದ ತುಟಿ ಉರಿಯುತ್ತಿತ್ತು, ನಿಧಾನವಾಗಿ ಕುಡಿದ. ಪಕ್ಕದಲ್ಲಿ ಫೋನ್ ಇತ್ತು. ನಾನು ಬೈಯುತ್ತೇನೆಂದು ಕಾದಿದ್ದ.

"ಅದರಾಗೆ ಅಂಥದ್ದೇನೈತೋ? ನನಗೂ ತೋರ್ಸು."

ಅನುಮಾನದಿಂದ ನನ್ನನ್ನು ನೋಡಿ, ಆಮೇಲೆ ತೋರಿಸಿದ. ಗುಂಡು ಹಾರಿಸುವ ಆಟ. ಒಂದು ತಂಡದಲ್ಲಿ ಐವರು. ಒಬ್ಬ ವಿಜಯಪುರದ ಕಡೆಯವನಂತೆ, ಒಬ್ಬ ಕೇರಳದವನಂತೆ. ಒಬ್ಬರನ್ನೂ ಇವನು ಕಂಡವನಲ್ಲ.

"ಕಾಣದೋರ ಜೊತೆ ಏನಪ್ಪ ಆಟ?"

"ನಾನು ಬರೋ ತನಕ ಅವ್ರು ಶುರು ಮಾಡಲ್ಲ ಅಜ್ಜ" ಎಂದ. ಮುಖದಲ್ಲಿ ಮೊದಲ ಸಲ ಗೆಲುವು ಕಂಡಿತು. "ಓಬಿ ಎಲ್ಲಿ, ಓಬಿ ಬರ್ಲಿ ಅಂತ ಕಾಯ್ತಾರೆ."

"ಇಲ್ಲಿ ನಾವಿಲ್ವೇನೋ?"

ಅವನು ಗಂಜಿಯ ಲೋಟ ಕೆಳಗಿಟ್ಟ. "ಇಲ್ಲಿ ಪಾತ್ರೆ ಇರ್ತದೆ. ಯಾವಾಗ ಬಂದ್ರೂ ಆಗ್ತದೆ. ಬರದಿದ್ರೂ ಆಗ್ತದೆ."

ಸಿಟ್ಟಿನಿಂದ ಹೇಳಿದ ಮಾತಲ್ಲ. ಮಳೆ ಬಂತು, ಬಿಸಿಲು ಬಂತು ಎನ್ನುವಂತೆ ಹೇಳಿದ. ನನಗೆ ಮಾತ್ರ ಬಸಣ್ಣ ಎದುರಿಗೆ ಬಂದು ನಿಂತಂತಾಯಿತು.

ಹುಡುಗರು ಫೋನಿಗೆ ಯಾಕೆ ಅಂಟಿಕೊಳ್ಳುತ್ತಾರೆ ಎಂದು ಓದಿದವರು ಏನೇನೋ ಹೇಳುತ್ತಾರೆ. ಮಿದುಳಿನ ವಿಷಯ ನನಗೆ ತಿಳಿಯದು. ಎಲ್ಲರ ಕಥೆಯೂ ಇದೇ ಎಂದೂ ಹೇಳಲಾರೆ. ಊಟದ ಮನೆಯಲ್ಲಿ ನಿಂತು ನೋಡಿದ್ದನ್ನಷ್ಟೇ ಹೇಳಬಲ್ಲೆ. ಅವರು ಫೋನ್ ಹಿಡಿದು ತೆಪ್ಪಗಿದ್ದರೆ ನಮಗೆ ಅನುಕೂಲವಿತ್ತು. ನನಗೆ ರಟ್ಟೆನೋವು ತಪ್ಪಿತು, ವಾರ್ಡನ್ನರಿಗೆ ತಲೆನೋವು ತಪ್ಪಿತು. ಒಬ್ಬನಿಗಾಗಿ ಎಲ್ಲರೂ ಕಾಯುವ ಪದ್ಧತಿ ನಮ್ಮದಾಗಿತ್ತು. ಬೇಡವೆಂದು ನಾವು ಅದನ್ನು ಬಿಟ್ಟೆವು. ಫೋನಿನೊಳಗಿನ ಆಟ ತಯಾರಿಸಿದವರು ಅದನ್ನು ಎತ್ತಿಕೊಂಡರು.

ಮರುದಿನ ಚಮಚಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದೆ. ಮೇಜನ್ನು ಗೋಡೆಗೆ ಸರಿಸಿದೆ. ಮುದ್ದೆ ಕೋಲು ಹುಡುಕಿ ತೊಳೆದೆ. ಶಾಂತಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ರಿಟೈರ್ ಆಗೋ ಹೊತ್ತಿನಾಗೆ ಇದೇನ್ ಬಂತ್ರಿ ನಿಮಗೆ? ರಟ್ಟೆ ಬಿದ್ದು ಹೋದ್ರೆ ನಾನು ನೋಡಾಕಿಲ್ಲ."

"ನೋಡಬ್ಯಾಡ. ಹಿಟ್ಟು ಜರಡಿ ಹಿಡಿ."

ಸಂಜೆ ಹುಡುಗರನ್ನು ಎರಡು ಸಾಲು ಕೂರಿಸಿದೆ. ಯಾರ ಫೋನನ್ನೂ ಕೇಳಲಿಲ್ಲ. ಇಷ್ಟೇ ಹೇಳಿದೆ: ಕೊನೆಯ ಹುಡುಗ ಕೂರುವ ತನಕ ಬಡಿಸುವುದಿಲ್ಲ. ಓಬಳೇಶ ಇರಲಿಲ್ಲ. ಹಬೆಯಾಡುವ ಮುದ್ದೆ ಮುಂದಿಟ್ಟುಕೊಂಡು ನಾನು ನಿಂತೆ. ಗದ್ದಲ ಎದ್ದಿತು.

"ಅಜ್ಜನಿಗೆ ತಲೆ ಕೆಟ್ಟೈತೆ ಕಣ್ರೋ."

"ಲೇ, ಅವನಿಗೊಂದು ಮೆಸೇಜ್ ಹಾಕ್ರೋ, ಹೊಟ್ಟೆ ಹಸಿದು ಸಾಯ್ತಿದೀವಿ ಅಂತ!"

"ಮೆಸೇಜ್ ಬ್ಯಾಡ. ಹೋಗಿ ಕರ್ಕೊಂಡ್ ಬರ್ರಿ" ಎಂದೆ. ಯಾರೂ ಏಳಲಿಲ್ಲ. ಅಂಥ ಅಭ್ಯಾಸವನ್ನು ನಾನೇ ತಪ್ಪಿಸಿದ್ದೆ. ಮಂಡಿ ಹಿಡಿದುಕೊಂಡು ನಾನೇ ಮೆಟ್ಟಿಲು ಹತ್ತಿದೆ. ಅವನು ಹಾಸಿಗೆಯಲ್ಲಿ ಗೋಡೆಗೊರಗಿ ಆಡುತ್ತಿದ್ದ.

"ಆಟದಾಗಿದೀನಿ ಅಜ್ಜ. ನೀವು ಉಣ್ರಿ."

"ಮುಗ್ಸಿ ಬಾ. ಕೆಳಗೆ ಕಾಯ್ತಿದಾರೆ."

"ಯಾರು?"

"ಎಲ್ಲರೂ."

ನಂಬಲಿಲ್ಲ. ಅಷ್ಟರಲ್ಲಿ ಕೆಳಗಿನಿಂದ ಯಾರೋ ತಟ್ಟೆ ಬಡಿಯತೊಡಗಿದರು. ಇನ್ನೊಬ್ಬ ಬಡಿದ. ಆಮೇಲೆ ಸಾಲು ಪೂರ್ತಿ. "ಓಬಳೇಶಾ! ಲೇ ಓಬಳೇಶಾ! ಬಾರಲೇ!" ಬೈಗುಳವೂ ಸೇರಿತ್ತು, ಅದನ್ನು ಬರೆಯುವುದಿಲ್ಲ. ಅವನು ಫೋನ್ ಹಿಡಿದೇ ಇಳಿದು ಬಂದ. "ಬಂದ್ನಪ್ಪ ಮಹಾರಾಜ! ಪಲ್ಲಕ್ಕಿ ಕಳಿಸ್ಬೇಕಿತ್ತೇನೋ?" ಎಂದು ಒಬ್ಬ ಕಿಚಾಯಿಸಿದ. ಓಬಳೇಶನ ಕಿವಿ ಕೆಂಪಾದವು. ಕೂತ. ಮುದ್ದೆ ಮುರಿದು ಸೊಪ್ಪಿನ ಸಾರಿನಲ್ಲಿ ಅದ್ದಿದ. ಬೆರಳಿಗೆ ಹಿಟ್ಟು ಮೆತ್ತಿತು. ಫೋನ್ ತೊಡೆಯ ಪಕ್ಕದಲ್ಲಿ ಉಳಿಯಿತು.

ಇದನ್ನು ಓದಿ ಎಲ್ಲವೂ ಅಂದೇ ಸರಿಹೋಯಿತು ಎಂದುಕೊಳ್ಳಬೇಡಿ. ಮರುದಿನ ಅವನು ಬರಲೇ ಇಲ್ಲ, ಮುದ್ದೆ ಕಲ್ಲಾಯಿತು. ಒಂದು ದಿನ ಹಸಿದ ಹುಡುಗನೊಬ್ಬ ಅವನ ಕೊರಳಪಟ್ಟಿ ಹಿಡಿದ, ನಾನು ನಡುವೆ ಬಿದ್ದು ಮೊಣಕೈ ಏಟು ತಿಂದೆ. ವಾರ್ಡನ್ ಕರೆಸಿ, "ಮೊದ್ಲು ಎಷ್ಟು ಶಾಂತವಾಗಿತ್ತು. ಈಗ ಸಂತೆ ಆಗೈತಲ್ರಿ" ಎಂದರು. "ಸಂತೆನೇ ಆಗ್ಲಿ ಸಾರ್. ದೀಪಾವಳಿ ಇನ್ನೂ ಬಂದಿಲ್ಲ" ಎಂದೆ. ಜೀವನದಲ್ಲಿ ಮೇಲಿನವರಿಗೆ ಎದುರಾಡಿದ್ದು ಅದೊಂದೇ ಸಲ. ಹಟ ಬಿಡಲಿಲ್ಲ. ದಿನಾ ಸಾಲು ಹಾಕಿದೆ, ದಿನಾ ಕಾದೆ. ಕೆಲವು ದಿನಗಳ ನಂತರ ನಾನು ಮೆಟ್ಟಿಲು ಹತ್ತುವುದು ತಪ್ಪಿತು. ಹುಡುಗರೇ ಹೋಗಿ ಎಳೆದು ತರುತ್ತಿದ್ದರು.

ಒಂದು ಸಂಜೆ ಯಾರೋ, "ಅಜ್ಜ, ಸಾರಿಗೆ ಉಪ್ಪು ಜಾಸ್ತಿ ಆಗೈತೆ" ಎಂದ. ಅದರ ಬೆನ್ನಿಗೆ ಇನ್ನೊಬ್ಬ, "ಉಪ್ಪಲ್ಲ, ಖಾರ" ಎಂದ. ಇಬ್ಬರಿಗೂ ಜಗಳ ಹತ್ತಿತು. ನಾನು ಒಳಗೆ ಹೋಗಿ ಸಾರಿನ ರುಚಿ ನೋಡಿದೆ. ಉಪ್ಪು ನಿಜವಾಗಿಯೂ ಹೆಚ್ಚಾಗಿತ್ತು. ಎಷ್ಟೋ ವರ್ಷಗಳ ನಂತರ ನನ್ನ ಅಡುಗೆಯನ್ನು ಯಾರೋ ಉಂಡಿದ್ದರು.

ಓಬಳೇಶ ಫೋನ್ ಬಿಟ್ಟ ಎಂದು ನಾನು ಸುಳ್ಳು ಬರೆಯುವುದಿಲ್ಲ. ಬಿಡಲಿಲ್ಲ, ಆಟವನ್ನೂ ನಿಲ್ಲಿಸಲಿಲ್ಲ. ಊಟದ ಹೊತ್ತಿಗೆ ಮಾತ್ರ ಬರುತ್ತಿದ್ದ. ಕಾಲೇಜಿಗೆ ಹೋಗುತ್ತಿದ್ದ, ಒಮ್ಮೊಮ್ಮೆ ತಪ್ಪಿಸುತ್ತಿದ್ದ. ಅವನನ್ನು ಇಟ್ಟುಕೊಳ್ಳಬೇಕೋ ಕಳಿಸಬೇಕೋ ಎಂದು ತೀರ್ಮಾನಿಸುವ ದಿನ ಬಂತು. ದೀಪಾವಳಿ ರಜೆಯ ಹಿಂದಿನ ಸಂಜೆ. ಎಲ್ಲರೂ ಚೀಲ ಕಟ್ಟಿದ್ದರು. ಓಬಳೇಶನ ಟ್ರಂಕೂ ಬಾಗಿಲ ಬಳಿ ಇತ್ತು. ಅದು ಮತ್ತೆ ಇಲ್ಲಿಗೆ ಬರುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ವಾರ್ಡನ್ ಅಂದು ತಾವೇ ಬಂದು ಸಾಲಿನ ತುದಿಯಲ್ಲಿ ಹುಡುಗರ ಜೊತೆ ನೆಲಕ್ಕೆ ಕೂತರು. ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ತಿಳಿಯದೆ, ಅವಸರದಲ್ಲಿ ಅವರ ಮುಂದೆ ತಟ್ಟೆ, ನೀರು ಇಟ್ಟೆ. ಓಬಳೇಶ ಆಗಲೇ ಕೂತಿದ್ದ. ಸಾಲು ತುಂಬಿದಂತೆ ಕಂಡಿತು. ಆ ಗಡಿಬಿಡಿಯಲ್ಲಿ ನಾನು ಬಾಗಿಲ ಕಡೆ ನೋಡುವುದನ್ನು ಮರೆತು ಸೌಟು ಎತ್ತಿದೆ.

"ಅಜ್ಜ, ತಡೀರಿ! ಬಡಿಸಬ್ಯಾಡ್ರಿ."

ಓಬಳೇಶ ಎದ್ದು ನಿಂತಿದ್ದ.

"ನಮ್ ರೂಮಿನ ಚನ್ನಗಿರಿ ಕಡೆ ಹುಡುಗ ಬಂದಿಲ್ಲ. ಮಧ್ಯಾಹ್ನದಿಂದ ಮುಸುಕು ಹಾಕ್ಕೊಂಡು ಮಲಗ್ಯಾನೆ. ಕರ್ಕೊಂಡ್ ಬರ್ತೀನಿ."

ಫೋನನ್ನು ತಟ್ಟೆಯ ಪಕ್ಕ ಬಿಟ್ಟು ಮೆಟ್ಟಿಲ ಕಡೆ ಓಡಿದ. ಅವನು ಹೋದ ಸ್ವಲ್ಪ ಹೊತ್ತಿಗೆ ನೆಲದ ಮೇಲಿದ್ದ ಫೋನ್ ಬೆಳಗಿತು. ಗುರ್ ಎಂದು ಅಲುಗಾಡಿ ತಟ್ಟೆಗೆ ತಾಗಿ ಸದ್ದು ಮಾಡಿತು. ಕಾಣದ ಗೆಳೆಯರು ಅವನನ್ನು ಕರೆಯುತ್ತಿದ್ದರು. ಒಮ್ಮೆ ನಿಂತು ಮತ್ತೆ ಬೆಳಗಿತು. ಮೇಲಿನಿಂದ ಓಬಳೇಶನ ದನಿ ಕೇಳುತ್ತಿತ್ತು. "ಏಳಲೇ, ಎಲ್ಲರೂ ಕಾಯ್ತಿದಾರೆ. ನಿಜವಾಗ್ಲೂ. ಬಂದು ನೋಡು ಬೇಕಾದ್ರೆ."

ವಾರ್ಡನ್ ಆ ಫೋನನ್ನು ನೋಡಿದರು. ಆಮೇಲೆ ಮೆಟ್ಟಿಲ ಕಡೆ ನೋಡಿದರು. ತಟ್ಟೆಯ ಮೇಲೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು.

"ಹಾಲೇಶಪ್ಪ, ಆ ಟ್ರಂಕು ದಾರಿಗೆ ಅಡ್ಡ ಐತೆ. ಅವನ ರೂಮಿಗೇ ವಾಪಸ್ ಇಡಿಸ್ರಿ. ಹಬ್ಬಕ್ಕೆ ಬಟ್ಟೆ ಒಂದು ಚೀಲದಾಗೆ ಒಯ್ಲಿ ಸಾಕು" ಎಂದರು.

ಹೊಸದಾಗಿ ಸೇರಿದ ತಮ್ಮಾ, ಅಕ್ಕಿಯ ಅಳತೆಯನ್ನು ಅಂದೇ ಹೇಳಿದ್ದೇನೆ. ನೀನು ಹೊರಡುವಾಗ ಕೇಳಿದ್ದಕ್ಕೆ ಉತ್ತರ ಇದು. ಆರಾಮು ಸಿಗುತ್ತದೆ, ನಿಜ. ನಾನು ತೆಗೆದುಕೊಂಡಿದ್ದೆ. ನೀನು ತೆಗೆದುಕೊಳ್ಳಬೇಡ. ಮುದ್ದೆ ಆರಿದರೆ ಆರಲಿ. ಬಾಗಿಲು ನೋಡು, ಆಮೇಲೆ ಸೌಟು ಎತ್ತು.